ಗೂಗಲ್‌ನಲ್ಲಿ ಜಾರಿದ ಸೈಟು

ನಿನ್ನೆವರೆಗೂ ಗೂಗಲ್‌ನಲ್ಲಿ ಮೇಲಿಂದ ಎರಡನೇದಾಗಿದ್ದ ನಿಮ್ಮ ಸೈಟು,
ಇವತ್ತು ಮೂರನೇ ಪುಟಕ್ಕೆ ಹೋಗಿ ಕೂತಿದೆಯಾ?
ಏನು ತಪ್ಪು ಮಾಡಿದ್ರಿ?
ಏನೂ ಮಾಡದೇ ಇರಬಹುದು!

ಬೀದಿಯ ರಂಗೋಲಿ ಸ್ಪರ್ಧೆ ನೆನಪಿಸಿಕೊಳ್ಳಿ.
ಹೋದ ವರ್ಷದ ತೀರ್ಪುಗಾರರು ಬಣ್ಣ ನೋಡಿದ್ರು.
ಈ ವರ್ಷದವರು ಎಳೆ ನೋಡ್ತಾರೆ.
ರಂಗೋಲಿ ಅದೇ.
ಬಹುಮಾನ ಪಕ್ಕದ ಮನೆಗೆ.

ಗೂಗಲ್ ಕೂಡ ಸೈಟುಗಳನ್ನ ಅಳೆಯೋ ರೀತಿ ಬದಲಿಸುತ್ತೆ.
ಅದನ್ನ ಕೋರ್ ಅಪ್‌ಡೇಟ್ ಅನ್ನುತ್ತೆ.
ವರ್ಷಕ್ಕೆ ಕೆಲವು ಸಲ ಬರುತ್ತೆ.
2024ರ ಮಾರ್ಚ್‌ನದು ಮುಗಿಯೋಕೆ 45 ದಿನ ಹಿಡೀತು!

ಹಾಗಾಗಿ ಮೊದಲ ದಿನವೇ ಸೈಟು ಕೆಡವಬೇಡಿ.
ಅಪ್‌ಡೇಟ್ ಮುಗಿದು ಒಂದು ವಾರ ಆಗಲಿ.
ಆಮೇಲೆ ಗೂಗಲ್‌ನಲ್ಲಿ ಸೈಟಿನ ಸ್ಥಾನ ತೋರಿಸೋ ಸರ್ಚ್ ಕನ್ಸೋಲ್ ತೆಗೆದು,
ಅಪ್‌ಡೇಟ್‌ಗೆ ಮುಂಚಿನ ವಾರದ ಜೊತೆ ಹೋಲಿಸಿ.
ಸ್ಥಾನ 2ರಿಂದ 4ಕ್ಕೆ ಇಳಿದಿದ್ರೆ, ಕೈ ಹಾಕಬೇಡಿ.
4ರಿಂದ 29ಕ್ಕೆ?
ಆ ಪುಟವನ್ನ ಓದುಗರ ಹಾಗೆ ಕೂತು ಓದಿ.

ಅಕ್ಕಿ ರೊಟ್ಟಿ ಪುಟ ಅಂದ್ಕೊಳ್ಳಿ.
ಮೊದಲ ಆರು ಪ್ಯಾರಾ ಅಕ್ಕಿಯ ಚರಿತ್ರೆ.
ಹಿಟ್ಟಿಗೆ ನೀರೆಷ್ಟು?
ಬಿಸಿನೀರೋ, ತಣ್ಣೀರೋ?
ಎಲ್ಲೂ ಇಲ್ಲ!
ಹಸಿದವರು ವಾಪಸ್ ಹೋಗದೆ ಇನ್ನೇನು ಮಾಡ್ತಾರೆ?
ನೀವೇ ಒಂದು ಸಲ ರೊಟ್ಟಿ ತಟ್ಟಿ,
ಅಳತೆ ಬರೀರಿ, ಫೋಟೋ ಹಾಕಿ.

ಒಳಗಿನದ್ದು ಹಾಗೇ ಬಿಟ್ಟು,
ತಾರೀಕು ಮಾತ್ರ ಬದಲಿಸೋ ಚಾಲಾಕಿತನ ಬೇಡ.
15 ದಿನದಲ್ಲಿ ರ‍್ಯಾಂಕ್ ವಾಪಸ್, ಗ್ಯಾರಂಟಿ ಅನ್ನೋರಿಗೆ ದುಡ್ಡೂ ಕೊಡಬೇಡಿ.
ಆ ಗ್ಯಾರಂಟಿ ಗೂಗಲ್ಲೇ ಕೊಡಲ್ಲ.
ಸರಿಪಡಿಸಿದ್ದು ಕೆಲವೊಮ್ಮೆ ಕೆಲವೇ ದಿನಕ್ಕೆ ಫಲ ಕೊಡುತ್ತೆ.
ಕೆಲವೊಮ್ಮೆ ತಿಂಗಳುಗಳು ಕಳೆದು,
ಮುಂದಿನ ಕೋರ್ ಅಪ್‌ಡೇಟ್ ಬಂದಾಗ.