ಮಕ್ಕಳು ಬೆಳೆಯುವ ಮನೆಯಲ್ಲಿ ಗೃಹಸಾಲ ಬೇಗ ತೀರಿಸುವ ಲೆಕ್ಕ

ಗೃಹಸಾಲದ ಮೊದಲ ವರ್ಷಗಳಲ್ಲಿ ಕಟ್ಟುವ ಕಂತು ಬಹುಪಾಲು ಬಡ್ಡಿಗೇ ಹೋಗುತ್ತದೆ. 30 ಲಕ್ಷ ರೂಪಾಯಿಯನ್ನು ಶೇ 8.5ರ ಬಡ್ಡಿಗೆ 20 ವರ್ಷದ ಅವಧಿಗೆ ಪಡೆದರೆ ತಿಂಗಳ ಇಎಂಐ ಸುಮಾರು 26,035 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೆ ಜಮಾ ಆಗುತ್ತದೆ, ಅಸಲಿಗೆ ಸೇರುವುದು 4,785 ಮಾತ್ರ. ಒಂದು ಕಂತನ್ನೂ ತಪ್ಪಿಸದೆ ಐದು ವರ್ಷ ಕಟ್ಟಿದ ಕುಟುಂಬ ಅಷ್ಟರಲ್ಲಿ 15.6 ಲಕ್ಷ ಕೊಟ್ಟಿರುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಬಾಕಿ ಇನ್ನೂ 26.4 ಲಕ್ಷ ಇರುತ್ತದೆ. ಅಸಲಿನ ಅರ್ಧ ತೀರುವುದು ಹದಿನಾಲ್ಕನೆಯ ವರ್ಷದ ಕೊನೆಯ ಹೊತ್ತಿಗೆ. ಇಪ್ಪತ್ತು ವರ್ಷ ಮುಗಿದಾಗ ಬಡ್ಡಿಯೊಂದೇ ಸುಮಾರು 32.5 ಲಕ್ಷ ಆಗಿರುತ್ತದೆ. ಇದರಲ್ಲಿ ಬ್ಯಾಂಕಿನ ಮೋಸವೇನೂ ಇಲ್ಲ. ಬಡ್ಡಿ ಹಾಕುವುದು ಉಳಿದಿರುವ ಬಾಕಿಯ ಮೇಲೆ. ಆರಂಭದಲ್ಲಿ ಬಾಕಿ ದೊಡ್ಡದು, ಹಾಗಾಗಿ ಬಡ್ಡಿಯೂ ದೊಡ್ಡದು.

ಕಂತಿನ ಹೊರತಾಗಿ ಕಟ್ಟುವ ಹಣದ ಶಕ್ತಿ ಇರುವುದು ಇಲ್ಲಿಯೇ. ಹೆಚ್ಚುವರಿಯಾಗಿ ಕಟ್ಟಿದ ಪ್ರತಿ ರೂಪಾಯಿಯೂ ನೇರವಾಗಿ ಅಸಲಿಗೆ ಹೋಗುತ್ತದೆ. ಆ ರೂಪಾಯಿಯ ಮೇಲೆ ಮುಂದಿನ ಅಷ್ಟೂ ವರ್ಷ ಬೀಳಬೇಕಿದ್ದ ಬಡ್ಡಿ ನಿಂತುಹೋಗುತ್ತದೆ. ಮೇಲಿನ ಸಾಲದಲ್ಲೇ ಮೂರನೆಯ ವರ್ಷದ ಕೊನೆಗೆ 2 ಲಕ್ಷ ರೂಪಾಯಿ ಒಟ್ಟಿಗೆ ಕಟ್ಟಿ, ಇಎಂಐಯನ್ನು ಹಾಗೆಯೇ ಮುಂದುವರಿಸಿದರೆ ಸಾಲ 29 ತಿಂಗಳು ಮೊದಲೇ ಮುಗಿಯುತ್ತದೆ, ಬಡ್ಡಿಯಲ್ಲಿ ಸುಮಾರು 5.6 ಲಕ್ಷ ಉಳಿಯುತ್ತದೆ. ಅದೇ 2 ಲಕ್ಷವನ್ನು ಹದಿನೈದನೆಯ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು 11 ತಿಂಗಳು, ಬಡ್ಡಿಯಲ್ಲಿ 94 ಸಾವಿರದಷ್ಟು.

ಈ 5.6 ಲಕ್ಷ ಎಂಬ ಅಂಕಿಗೆ ಮರುಳಾಗುವುದೂ ತಪ್ಪು. ಅದು ಹದಿನಾಲ್ಕಕ್ಕೂ ಹೆಚ್ಚು ವರ್ಷ ಕಾದ ಮೇಲೆ ಕಾಣುವ ಮೊತ್ತ. ಎರಡು ಲಕ್ಷ ಬೇರೆಲ್ಲಾದರೂ ಅಷ್ಟೇ ಕಾಲ ದುಡಿದಿದ್ದರೆ ಅದೂ ಬೆಳೆಯುತ್ತಿತ್ತು. ನೇರವಾದ ಲೆಕ್ಕ ಇಷ್ಟೇ: ಶೇ 8.5ರ ಸಾಲವನ್ನು ಮುಂಚೆ ತೀರಿಸಿದರೆ ಆ ಹಣಕ್ಕೆ ವರ್ಷಕ್ಕೆ ಶೇ 8.5ರ ಗಳಿಕೆ ಬಂದಂತೆ. ಅದಕ್ಕೆ ತೆರಿಗೆ ಇಲ್ಲ, ಷೇರುಪೇಟೆಯ ಏರಿಳಿತವಿಲ್ಲ. ಶೇ 7ರ ನಿಶ್ಚಿತ ಠೇವಣಿಯಲ್ಲಿ ಹಣ ಇಟ್ಟು, ಅದರ ಬಡ್ಡಿಗೆ ತೆರಿಗೆಯನ್ನೂ ಕಟ್ಟಿ, ಪಕ್ಕದಲ್ಲೇ ಶೇ 8.5ರ ಸಾಲವನ್ನು ಸಾಕುತ್ತಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ಮನೆಗಳ ಮಟ್ಟಿಗೆ ಸಾಲ ತೀರಿಸುವುದೇ ಲಾಭ ಎಂಬುದರಲ್ಲಿ ಎರಡು ಮಾತಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಹೆಚ್ಚುವರಿ ಪಾವತಿ ಅತಿ ಹೆಚ್ಚು ಫಲ ಕೊಡುವ ಮೊದಲ ಐದಾರು ವರ್ಷಗಳೇ ಬಹುಪಾಲು ಕುಟುಂಬಗಳಿಗೆ ಅತಿ ಹೆಚ್ಚು ಖರ್ಚಿನ ವರ್ಷಗಳು. ಮೂವತ್ತು–ಮೂವತ್ತೈದರ ವಯಸ್ಸಿನಲ್ಲಿ ಮನೆ ಕೊಳ್ಳುತ್ತಾರೆ. ಹೆರಿಗೆ, ಮಗುವಿನ ಲಸಿಕೆ, ಶಿಶುವಿಹಾರ, ಶಾಲೆಯ ಪ್ರವೇಶ ಶುಲ್ಕ ಎಲ್ಲವೂ ಅದೇ ಹೊತ್ತಿಗೆ ಬರುತ್ತವೆ. ಮಗುವನ್ನು ನೋಡಿಕೊಳ್ಳಲು ದಂಪತಿಯಲ್ಲಿ ಒಬ್ಬರು ಕೆಲಸ ಬಿಟ್ಟರೆ ಎರಡು ಸಂಬಳ ನಂಬಿ ತೆಗೆದ ಸಾಲವನ್ನು ಒಂದು ಸಂಬಳ ಹೊರಬೇಕಾಗುತ್ತದೆ. ಊರಿನಲ್ಲಿರುವ ತಂದೆ ತಾಯಿಯ ಔಷಧಿ ಖರ್ಚು ಬೇರೆ. ಇಂಥ ವರ್ಷಗಳಲ್ಲಿ ಸಾಲ ಬೇಗ ತೀರಿಸುವ ಹಟಕ್ಕೆ ಬಿದ್ದು ಕೈಯಲ್ಲಿದ್ದುದನ್ನೆಲ್ಲ ಬ್ಯಾಂಕಿಗೆ ಕಟ್ಟುವುದು ಅಪಾಯ. ಅಸಲಿಗೆ ಸೇರಿದ ಹಣ ಗೋಡೆಗೆ ಸೇರಿದ ಇಟ್ಟಿಗೆಯಂತೆ, ಬೇಕೆಂದಾಗ ತೆಗೆಯಲಾಗದು. ಮಗು ಆಸ್ಪತ್ರೆಯಲ್ಲಿರುವಾಗ ಅದೇ ಬ್ಯಾಂಕಿನ ಮುಂದೆ ಶೇ 12–14ರ ವೈಯಕ್ತಿಕ ಸಾಲಕ್ಕೆ ನಿಲ್ಲಬೇಕಾಗಿ ಬಂದರೆ ಉಳಿಸಿದ ಬಡ್ಡಿಯೆಲ್ಲ ಅಲ್ಲಿಗೆ ಹೋಯಿತು.

ಆದ್ದರಿಂದ ಮೊದಲು ಆಗಬೇಕಾದ ಕೆಲಸಗಳು ಬೇರೆ ಇವೆ. ಆರು ತಿಂಗಳ ಮನೆ ಖರ್ಚು ಮತ್ತು ಇಎಂಐ ಸೇರಿಸಿದಷ್ಟು ಹಣ ತಕ್ಷಣ ಸಿಗುವ ಕಡೆ ಇರಬೇಕು. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಗೃಹಸಾಲದ ಮಾತೇ ಬೇಡ, ಮೊದಲು ಅದು ತೀರಲಿ. ಅದರ ಬಡ್ಡಿ ವರ್ಷಕ್ಕೆ ಶೇ 36ರಿಂದ 42ರವರೆಗೂ ಇರುತ್ತದೆ. ವೈಯಕ್ತಿಕ ಸಾಲ, ಒಡವೆ ಸಾಲಗಳದ್ದು ಅದರ ನಂತರದ ಸರದಿ. ಮನೆ ಸಾಲ ಸಾಮಾನ್ಯ ಕುಟುಂಬಕ್ಕೆ ಸಿಗುವ ಸಾಲಗಳಲ್ಲೇ ಅಗ್ಗದ್ದು ಎಂಬುದನ್ನು ಮರೆಯಬಾರದು.

ಇನ್ನೊಂದು, ವಿಮೆ. ದುಡಿಯುವವರು ಇಲ್ಲವಾದರೆ ಸಾಲ ಮನೆಯವರ ತಲೆಗೆ ಬರುತ್ತದೆ. ಬಾಕಿ ಸಾಲದ ಜತೆಗೆ ಮಕ್ಕಳು ದೊಡ್ಡವರಾಗುವವರೆಗಿನ ಖರ್ಚನ್ನೂ ಭರಿಸುವಷ್ಟು ಟರ್ಮ್ ವಿಮೆ ಇರಬೇಕು. ಸಾಲ ಕೊಡುವಾಗ ಬ್ಯಾಂಕುಗಳು ಸಾಲದ ಜತೆಗೇ ಒಂದು ವಿಮೆಯನ್ನು ಕೂಡಿಸಿ, ಅದರ ಪ್ರೀಮಿಯಂ ಅನ್ನೂ ಸಾಲಕ್ಕೇ ಸೇರಿಸುವುದುಂಟು. ಆ ವಿಮೆ ಸಾಮಾನ್ಯವಾಗಿ ಬಾಕಿ ಇಳಿದಂತೆ ಇಳಿಯುತ್ತದೆ, ಬ್ಯಾಂಕಿನ ಹಣ ತೀರಿದ ಮೇಲೆ ಮಕ್ಕಳಿಗೆ ಹೆಚ್ಚೇನೂ ಉಳಿಯದು. ಬೇರೆಯಾಗಿ ತೆಗೆದುಕೊಂಡ ಟರ್ಮ್ ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳಿಗೇ ಸೇರುತ್ತದೆ, ಸಾಲ ಕೊಟ್ಟವರು ಅದರ ಮೇಲೆ ಹಕ್ಕು ಸಾಧಿಸುವಂತಿಲ್ಲ. ಗಂಡು ಮೇಟಿಯಾಗಿರುವ ಮನೆಗಳಲ್ಲಿ ಪಾಲಿಸಿ ತೆಗೆಯುವಾಗಲೇ ಈ ಅರ್ಜಿ ತುಂಬಿಸಿಕೊಳ್ಳುವುದು ಬಹಳ ಮುಖ್ಯ.

ಇಷ್ಟು ಭದ್ರವಾದ ಮೇಲೆ ಸಾಲ ತೀರಿಸುವ ಕ್ರಮಕ್ಕೆ ಬರಬಹುದು. ಮಕ್ಕಳಿರುವ ಮನೆಗೆ ಒಗ್ಗುವುದು ದೊಡ್ಡ ಗಂಟನ್ನು ಒಮ್ಮೆ ಕಟ್ಟುವ ದಾರಿಗಿಂತ ಚಿಕ್ಕ ಮೊತ್ತವನ್ನು ತಪ್ಪದೆ ಕಟ್ಟುವ ದಾರಿ. ವರ್ಷಕ್ಕೆ ಒಂದು ಇಎಂಐ ಹೆಚ್ಚಿಗೆ, ಎಂದರೆ ಹನ್ನೆರಡರ ಬದಲು ಹದಿಮೂರು ಕಂತು ಕಟ್ಟುತ್ತ ಹೋದರೆ ಮೇಲಿನ ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ಮುಗಿಯುತ್ತದೆ. ಇದಕ್ಕಿಂತ ಬಲವಾದದ್ದು ಇಎಂಐಯನ್ನೇ ವರ್ಷಕ್ಕೆ ಶೇ 5ರಷ್ಟು ಏರಿಸುವುದು. ಮೊದಲ ವರ್ಷ 26,035 ಇದ್ದ ಕಂತು ಎರಡನೆಯ ವರ್ಷ 27,337 ಆಗುತ್ತದೆ. ವಾರ್ಷಿಕ ಬಡ್ತಿ, ತುಟ್ಟಿಭತ್ಯೆ ಬರುವ ಮನೆಗೆ ಈ 1,300 ರೂಪಾಯಿ ಅಷ್ಟಾಗಿ ಗೊತ್ತಾಗುವುದಿಲ್ಲ. ಹನ್ನೆರಡನೆಯ ವರ್ಷದ ಕಂತು 44,500ರ ಆಸುಪಾಸಿಗೆ ಬಂದಿರುತ್ತದೆ, ಇಪ್ಪತ್ತು ವರ್ಷದ ಸಾಲ ಹನ್ನೆರಡೂಕಾಲು ವರ್ಷಕ್ಕೆ ತೀರಿರುತ್ತದೆ. ಸಾಲ ತೆಗೆದ ವರ್ಷ ಹುಟ್ಟಿದ ಮಗು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಮನೆ ಋಣಮುಕ್ತ. ಪಿಯುಸಿ, ಸಿಇಟಿ, ಕಾಲೇಜಿನ ದೊಡ್ಡ ಖರ್ಚು ಎದುರಾದಾಗ ಇಎಂಐಗೆ ಹೋಗುತ್ತಿದ್ದ ಅಷ್ಟೂ ಹಣ ಕೈಯಲ್ಲಿ ಉಳಿಯುತ್ತದೆ. ಸಾಲ ಬೇಗ ತೀರಿಸುವುದರ ನಿಜವಾದ ಫಲ ಇದು. ಉಳಿದ ಬಡ್ಡಿಯ ಮೊತ್ತಕ್ಕಿಂತ ಅದು ಉಳಿದ ಕಾಲಕ್ಕೆ ಬೆಲೆ ಹೆಚ್ಚು.

ಕಟ್ಟುವ ತಿಂಗಳನ್ನೂ ಮನೆಯ ವರ್ಷಕ್ಕೆ ಹೊಂದಿಸಿಕೊಳ್ಳಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ, ವಾಹನದ ಬಾಡಿಗೆ ಎಂದು ಹಣ ಹರಿದುಹೋಗುವ ಕಾಲ. ಆಗ ಹೆಚ್ಚುವರಿ ಪಾವತಿಯ ಯೋಚನೆ ಬೇಡ. ಹಬ್ಬದ ಬೋನಸ್, ಗಳಿಕೆ ರಜೆಯ ನಗದು, ಕೈಗೆ ಬಂದ ಚೀಟಿ ಹಣ, ಊರಿನ ತೋಟದ ಅಡಿಕೆ ಅಥವಾ ಕಾಫಿ ಮಾರಿದ ದುಡ್ಡು, ಹೀಗೆ ಸಂಬಳದ ಹೊರಗಿನಿಂದ ಬಂದದ್ದರಲ್ಲಿ ಒಂದು ಪಾಲು ಸಾಲಕ್ಕೆ ಎಂದು ಮೊದಲೇ ನಿಶ್ಚಯಿಸಿಕೊಂಡ ಮನೆಯಲ್ಲಿ ಜಗಳ ಕಡಿಮೆ.

ಹಣ ಕಟ್ಟುವಾಗ ಬ್ಯಾಂಕಿಗೆ ಒಂದು ವಿಷಯ ಬರೆದು ತಿಳಿಸಬೇಕು: ಇಳಿಯಬೇಕಾದದ್ದು ಅವಧಿಯೋ, ಇಎಂಐಯೋ? ಮೂರನೆಯ ವರ್ಷ ಕಟ್ಟಿದ ಆ 2 ಲಕ್ಷಕ್ಕೆ ಅವಧಿ ಇಳಿಸಿಕೊಂಡರೆ ಉಳಿತಾಯ 5.6 ಲಕ್ಷ, ಅವಧಿ ಹಾಗೇ ಇಟ್ಟು ಕಂತು ಇಳಿಸಿಕೊಂಡರೆ ತಿಂಗಳಿಗೆ 1,857 ರೂಪಾಯಿ ಹಗುರ, ಒಟ್ಟು ಉಳಿತಾಯ 1.8 ಲಕ್ಷದೊಳಗೆ. ಸಾಮಾನ್ಯವಾಗಿ ಅವಧಿ ಇಳಿಸುವುದೇ ಸರಿ. ಆದರೆ ಒಂದು ಸಂಬಳ ನಿಲ್ಲಲಿದೆ, ಎರಡನೆಯ ಮಗು ಬರಲಿದೆ ಎಂಬಂಥ ಸ್ಥಿತಿಯಲ್ಲಿ ಕಂತು ಇಳಿಸಿಕೊಂಡರೆ ಅದು ಸೋಲೇನಲ್ಲ.

ಕಟ್ಟಿದ ಹಣ ಬೇಕಾದಾಗ ವಾಪಸ್ ಸಿಗಬೇಕು ಎನ್ನುವವರಿಗೆ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲವಿದೆ. ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್ ಇದಕ್ಕೆ ಉದಾಹರಣೆ. ಸಾಲದ ಖಾತೆಯಲ್ಲೇ ಹೆಚ್ಚಿನ ಹಣ ಇಟ್ಟರೆ ಅಷ್ಟು ದಿನ ಅಷ್ಟು ಮೊತ್ತಕ್ಕೆ ಬಡ್ಡಿ ಬೀಳದು, ಅಗತ್ಯ ಬಿದ್ದರೆ ತೆಗೆಯಬಹುದು. ತುರ್ತು ನಿಧಿಯೂ ಅಲ್ಲೇ ಕುಳಿತು ಬಡ್ಡಿ ಉಳಿಸುತ್ತದೆ. ದರ ಸಾಮಾನ್ಯ ಸಾಲಕ್ಕಿಂತ ತುಸು ಹೆಚ್ಚಿರಬಹುದು. ಸುಲಭವಾಗಿ ತೆಗೆಯಬಹುದಾದ ಹಣವನ್ನು ತೆಗೆಯದೆ ಇರುವ ಶಿಸ್ತು ಇರುವವರಿಗೆ ಮಾತ್ರ ಇದು ಒಳ್ಳೆಯದು.

ಬದಲಾಗುವ ಬಡ್ಡಿದರದ ಸಾಲ ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2022–23 ಸಾಕ್ಷಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಇಂಥ ಹೊಸ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಶೇ 6.75ಕ್ಕೆ 30 ಲಕ್ಷ ಪಡೆದು 22,811 ರೂಪಾಯಿ ಕಂತು ಕಟ್ಟುತ್ತಿದ್ದ ಕುಟುಂಬದ ಬಾಕಿ 29 ಲಕ್ಷ ಇರುವಾಗ ದರ ಶೇ 9.25 ಆಯಿತೆನ್ನೋಣ. ತಿಂಗಳ ಬಡ್ಡಿಯೇ 22,354. ಅಸಲಿಗೆ ಸೇರುವುದು 457 ರೂಪಾಯಿ! ಕಂತು ಬದಲಾಗಲಿಲ್ಲವೆಂದು ನೆಮ್ಮದಿಯಾಗಿದ್ದವರ ಸಾಲದ ಅವಧಿ ಸದ್ದಿಲ್ಲದೆ ನಿವೃತ್ತಿಯ ಆಚೆಗೆ ಚಾಚಿಕೊಂಡಿತ್ತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪ ಆಗಬೇಕೋ ಎಂದು ಸಾಲಗಾರರನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. 2025ರಲ್ಲಿ ರೆಪೊ ಇಳಿಯಿತು. ದರ ಇಳಿದಾಗ ಕಂತನ್ನು ಇಳಿಸಿಕೊಳ್ಳದೆ ಹಳೆಯ ಮೊತ್ತವನ್ನೇ ಕಟ್ಟುತ್ತಿದ್ದರೆ, ಮನೆ ಖರ್ಚಿಗೆ ಕೈ ಹಾಕದೆಯೇ ಸಾಲ ಬೇಗ ಕರಗುತ್ತದೆ.

ಸಾಲ ಮೊದಲೋ, ಮಕ್ಕಳ ಹೆಸರಿನ ಉಳಿತಾಯ ಮೊದಲೋ? ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ತೆರೆಯಬಹುದಾದ ಸುಕನ್ಯಾ ಸಮೃದ್ಧಿ ಖಾತೆ 2024ರ ಜನವರಿಯಿಂದ ಶೇ 8.2 ಬಡ್ಡಿ ಕೊಡುತ್ತಿದೆ, ಅದಕ್ಕೆ ತೆರಿಗೆಯಿಲ್ಲ. ಸಾಲದ ದರ ಅದರ ಆಸುಪಾಸಿನಲ್ಲೇ ಇದ್ದರೆ ಖಾತೆಯನ್ನು ನಿಲ್ಲಿಸಿ ಸಾಲಕ್ಕೆ ಸುರಿಯಲು ಕಾರಣವಿಲ್ಲ. ಗೃಹಸಾಲ ತೀರಿಸಲು ಪಿಎಫ್ ಹಣ ತೆಗೆಯುವ ಅವಕಾಶವಿದೆ, ಆದರೆ 2024–25ಕ್ಕೆ ಶೇ 8.25 ಬಡ್ಡಿ ಕೊಟ್ಟ ಆ ನಿಧಿಯನ್ನು ಮುರಿಯುವುದು ಜಾಣತನವಲ್ಲ. ಮಕ್ಕಳ ಓದಿಗೆ ಶಿಕ್ಷಣ ಸಾಲ ಸಿಗುತ್ತದೆ; ಮುಪ್ಪಿಗೆ ಯಾವ ಬ್ಯಾಂಕೂ ಅಂಥ ಸಾಲ ಕೊಡುವುದಿಲ್ಲ. ಅಪ್ಪ ಅಮ್ಮ ಬರಿಗೈಯಲ್ಲಿ ನಿವೃತ್ತರಾದರೆ ಆ ಭಾರ ಹೊರುವವರೂ ಇದೇ ಮಕ್ಕಳು.

ತೆರಿಗೆ ಉಳಿಯುತ್ತದೆಂದು ಸಾಲ ಇಟ್ಟುಕೊಳ್ಳುವ ವಾದ ಈಗ ಬಹಳ ಮಟ್ಟಿಗೆ ಸವೆದಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಉಂಟು. 2023–24ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆ. ಅದರಲ್ಲಿ ಸ್ವಂತ ವಾಸದ ಮನೆಗೆ ಈ ವಿನಾಯಿತಿ ಇಲ್ಲ.

ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡ ಬೀಳುತ್ತದೆ ಎಂಬ ಹೆದರಿಕೆ ಈಗಲೂ ಅನೇಕರಲ್ಲಿದೆ. ವ್ಯಕ್ತಿಗಳಿಗೆ ಕೊಟ್ಟ ಬದಲಾಗುವ ದರದ ಗೃಹಸಾಲಗಳಿಗೆ ಇಂಥ ಶುಲ್ಕ ವಿಧಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ ಸಾಲಗಳಿಗೆ ನಿಯಮ ಇನ್ನೂ ಸ್ಪಷ್ಟ: ಹಣ ಎಲ್ಲಿಂದ ತಂದರೂ, ಎಷ್ಟು ಬೇಗ ಕಟ್ಟಿದರೂ ಶುಲ್ಕವಿಲ್ಲ. ಸ್ಥಿರ ದರದ ಸಾಲಕ್ಕೆ ಶುಲ್ಕ ಇರಬಹುದು, ಕರಾರುಪತ್ರ ನೋಡಿಕೊಳ್ಳಬೇಕು.

ಕೊನೆಯ ಕಂತು ಕಟ್ಟಿದ ದಿನಕ್ಕೇ ಕೆಲಸ ಮುಗಿಯುವುದಿಲ್ಲ. ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆಯಬೇಕು. ಕ್ರಯಪತ್ರ, ತಾಯಿಪತ್ರ, ಖಾತೆಯ ದಾಖಲೆಗಳನ್ನು ಸಾಲ ಪಡೆಯುವಾಗ ಕೊಟ್ಟ ಪಟ್ಟಿಯೊಡನೆ ತಾಳೆ ನೋಡಿ ಒಂದೊಂದಾಗಿ ವಾಪಸ್ ಪಡೆಯಬೇಕು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ಕೊಡುವಾಗ ಹಕ್ಕುಪತ್ರಗಳನ್ನು ಒತ್ತೆಯಿಟ್ಟ ಬಗ್ಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ದರೆ ಅದನ್ನು ರದ್ದುಪಡಿಸುವ ಪತ್ರವೂ ಅಲ್ಲೇ ನೋಂದಣಿಯಾಗಬೇಕು. ಅದಕ್ಕೆ ಬ್ಯಾಂಕಿನವರು ಸಹಿ ಹಾಕಬೇಕು. ಅನೇಕರು ಇದನ್ನು ಬಿಟ್ಟುಬಿಡುತ್ತಾರೆ. ಹದಿನೈದು ವರ್ಷದ ನಂತರ ಮನೆ ಮಾರಲು ಅಥವಾ ಮಕ್ಕಳ ಹೆಸರಿಗೆ ದಾನಪತ್ರ ಮಾಡಲು ಹೋದಾಗ ಋಣಭಾರ ಪತ್ರದಲ್ಲಿ ತೀರಿದ ಸಾಲ ಇನ್ನೂ ಕಾಣಿಸುತ್ತಿರುತ್ತದೆ. ಸಾಲ ತೀರಿಸಿದವರು ಒಂದೆರಡು ತಿಂಗಳಲ್ಲಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಹೊಸ ಋಣಭಾರ ಪತ್ರ (ಇಸಿ) ತೆಗೆಸಿ, ಒತ್ತೆ ರದ್ದಾದ ನಮೂದು ಅದರಲ್ಲಿ ಬಂದಿದೆಯೇ ಎಂದು ತಪ್ಪದೆ ನೋಡಿಕೊಳ್ಳಬೇಕು.