ನೀರು ನೋಡುವ ಮೀಟರು

ಅಕ್ಕ, ಕುಡಿಯುವ ನೀರು ಒಳ್ಳೇದೋ ಕೆಟ್ಟದ್ದೋ ಹೇಗೆ ಗೊತ್ತಾಗುತ್ತೆ? ನೋಡಿದರೆ ಗೊತ್ತಾಗುತ್ತೆ ಅಂತೀರಾ?

ನಂಜನಗೂಡಿನಲ್ಲಿ ಕಪಿಲೆ ಹರಿಯುತ್ತಾಳೆ. ಟಿ. ನರಸೀಪುರದಲ್ಲಿ ಅವಳು ಕಾವೇರಿಯನ್ನು ಕೂಡುತ್ತಾಳೆ. ಎರಡು ಹೊಳೆಯ ಸೀಮೆ ನಮ್ಮದು. ಆದರೂ ಎಷ್ಟೋ ಹಳ್ಳಿಗಳಲ್ಲಿ ತೊಂಬೆಗೆ ಬರುವುದು ಬೋರ್‌ವೆಲ್ ನೀರು. ಹೊಳೆ ನೀರಾಗಲಿ, ಬೋರ್ ನೀರಾಗಲಿ, ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು.

2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕೆಟ್ಟ ನೀರಿನಿಂದ ವಾಂತಿ ಭೇದಿ ಹರಡಿತು. ಬಹಳ ಜನ ಆಸ್ಪತ್ರೆ ಸೇರಿದರು. ಒಬ್ಬ ಯುವಕ ತೀರಿಕೊಂಡ. ಅದು ನಮಗೆ ದೂರದ ಊರಲ್ಲ.

2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರಿಟ್ಟರು. ಪ್ರತಿ ಹಳ್ಳಿಯಲ್ಲೂ ಐದು ಜನ ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಬೇಕು ಎಂದು ಅದರಲ್ಲಿದೆ. ಹೆಂಗಸರಿಗೇ ಯಾಕೆ? ನೀರು ಹಿಡಿಯುವವರು ನಾವು. ಮಗುವಿಗೆ ಭೇದಿಯಾದರೆ ರಾತ್ರಿಯೆಲ್ಲ ಎದ್ದು ಕೂರುವವರೂ ನಾವೇ.

ಪರೀಕ್ಷೆಗೆ ಒಂದು ಸಣ್ಣ ಮೀಟರ್ ಇದೆ. ದಪ್ಪ ಪೆನ್ನಿನ ಹಾಗಿರುತ್ತೆ. ಒಳಗೆ ಬ್ಯಾಟರಿ ಸೆಲ್ಲು, ಮೇಲೆ ಅಂಕಿ ತೋರುವ ಕಿಂಡಿ, ತುದಿಯಲ್ಲಿ ಗಾಜಿನ ಗುಂಡು. ಇದು ಪಿಎಚ್ ಮೀಟರ್. ಪಟ್ಟಣದ ಈಜುಕೊಳದ ನೀರು ನೋಡಲೂ ಇದೇ ಬೇಕು.

ಪಿಎಚ್ ಅಂದರೆ ನೀರಿನ ಹುಳಿ ಎಷ್ಟು, ಖಾರ ಎಷ್ಟು ಎಂಬ ಲೆಕ್ಕ. ಇದು ಮೆಣಸಿನಕಾಯಿ ಖಾರ ಅಲ್ಲ, ಬೂದಿ ನೀರಿನ ಖಾರ. 7 ಅಂದರೆ ಎರಡೂ ಇಲ್ಲ, ನಡು. ನಿಂಬೆರಸ 2ರ ಹತ್ತಿರ. ಸೋಪಿನ ನೀರು 9, 10. ಕುಡಿಯುವ ನೀರು 6.5ರಿಂದ 8.5ರ ಒಳಗಿರಬೇಕು.

ಈ ಅಂಕಿ ನಮಗೇಕೆ? ತೊಂಬೆಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ಲ, ಅದರಲ್ಲಿರುವ ಕ್ಲೋರಿನ್ ರೋಗಾಣು ಕೊಲ್ಲುತ್ತದೆ. ಆದರೆ ಪಿಎಚ್ 8 ದಾಟಿದರೆ ಕ್ಲೋರಿನ್ ಕಸುವು ಕಡಿಮೆಯಾಗುತ್ತದೆ. "ಅಣ್ಣ, ಪೌಡರ್ ಹಾಕಿದ್ರಾ?" ಎಂದರೆ ನೀರುಗಂಟಿ, "ಹಾಕಿವ್ನಿ ಕಣಕ್ಕ" ಅನ್ನುತ್ತಾನೆ. ಅವನ ಮಾತು ನಿಜವೇ ಇರಬಹುದು. ಪೌಡರ್ ಕೆಲಸ ಮಾಡಿತೇ ಎಂಬುದು ಬೇರೆ ಮಾತು. ಹಾಕಿ ಅರ್ಧ ಗಂಟೆಯಾದ ಮೇಲೆ ನಲ್ಲಿ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ನೋಡಬೇಕು. ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಅದಕ್ಕೆ ಹಳದಿ ಬಣ್ಣ ಬರುವ ಔಷಧಿ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಔಷಧಿ ಬಿಟ್ಟ ನೀರನ್ನು ಚೆಲ್ಲಿಬಿಡಿ, ಕುಡಿಯಬೇಡಿ.

ಮೊದಲು ಮೀಟರನ್ನೇ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ತಕ್ಕಡಿ ಸರಿ ನಿಂತಿದೆಯೇ ಅಂತ ನೋಡಲ್ಲವೇ, ಹಾಗೆ. ಮೀಟರ್ ಜೊತೆ ಸಣ್ಣ ಪುಡಿ ಪೊಟ್ಟಣಗಳು ಬರುತ್ತವೆ. ಒಂದರ ಮೇಲೆ 4, ಇನ್ನೊಂದರ ಮೇಲೆ 7 ಅಥವಾ 6.86 ಎಂದಿರುತ್ತದೆ. ಬ್ಯಾಟರಿಗೆ ಹಾಕುವ ನೀರಿನಲ್ಲಿ ಪುಡಿ ಕರಗಿಸಿ. ಎಷ್ಟು ನೀರು ಎಂದು ಪೊಟ್ಟಣದ ಮೇಲೇ ಇದೆ, ಓದಿಕೊಳ್ಳಿ. ಅದರಲ್ಲಿ ಮೀಟರ್ ಅದ್ದಿದಾಗ ಪೊಟ್ಟಣದ ಅಂಕಿಯೇ ಬರಬೇಕು. ಬಾರದಿದ್ದರೆ ಗುಂಡಿ ಒತ್ತಿ ಸರಿ ಮಾಡಬೇಕು. ಕೆಲವಕ್ಕೆ ಸಣ್ಣ ತಿರುಪು ಇರುತ್ತದೆ. ಬಳಸಿದ ನೀರನ್ನು ಸೀಸೆಗೆ ವಾಪಸ್ ಸುರಿಯಬೇಡಿ.

ಆಮೇಲೆ ನಲ್ಲಿಯನ್ನು ಎರಡು ನಿಮಿಷ ಬಿಡಿ. ಲೋಟವನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ಹಿಡಿಯಿರಿ. ಗೆರೆ ಮುಳುಗದ ಹಾಗೆ ತುದಿಯನ್ನು ಮಾತ್ರ ಅದ್ದಿ. ಮೆಲ್ಲಗೆ ಆಡಿಸಿ. ಅಂಕಿ ಓಡಾಡುತ್ತೆ, ಅವಸರ ಬೇಡ. ನಿಂತ ಮೇಲೆ ಓದಿ.

ಕೆಲಸ ಮುಗಿದರೆ ತುದಿ ತೊಳೆಯಿರಿ. ಸೆರಗಿನಿಂದ ಉಜ್ಜಬೇಡಿ, ಒತ್ತಿದರೆ ಸಾಕು. ಗಾಜಿನ ಗುಂಡು ಒಣಗಬಾರದು. ಒಣಗಿದ ಗುಂಡು ಸುಳ್ಳು ಅಂಕಿ ಹೇಳುತ್ತೆ! ಮುಚ್ಚಳದೊಳಗೆ ಅದಕ್ಕೆಂದೇ ಕೊಡುವ ಉಪ್ಪಿನ ದ್ರವ ನಾಲ್ಕು ಹನಿ ಬಿಟ್ಟು ಮುಚ್ಚಿ. ಬ್ಯಾಟರಿ ನೀರಿನಲ್ಲಿ ಅದ್ದಿ ಇಡಬಾರದು. ಬೋರ್ ನೀರಿನ ಬಿಳಿ ಸುಣ್ಣ ಕಟ್ಟಿದರೆ ವಿನೆಗರ್‌ನಲ್ಲಿ ಹತ್ತು ನಿಮಿಷ ಇಟ್ಟು ತೊಳೆಯಿರಿ. ನಾರು, ಪಾತ್ರೆ ಪುಡಿ ಮುಟ್ಟಿಸಬೇಡಿ. ಬಹಳ ದಿನ ಬಳಸದಿದ್ದರೆ ಸೆಲ್ಲು ತೆಗೆದಿಡಿ, ಮಗು ಬಾಯಿಗೆ ಹಾಕಿಕೊಳ್ಳದ ಜಾಗದಲ್ಲಿ.

ಇನ್ನೊಂದು ಪೆನ್ನು ಉಂಟು, ಟಿಡಿಎಸ್ ಮೀಟರ್. ನೀರಿನಲ್ಲಿ ಕರಗಿದ ಉಪ್ಪು, ಸುಣ್ಣದ ಅಂಶ ತೋರಿಸುತ್ತದೆ. 500ರೊಳಗೆ ಇದ್ದರೆ ಒಳ್ಳೆಯದು. ಬೇರೆ ನೀರಿಲ್ಲದ ಕಡೆ 2000ದವರೆಗೆ ಆಗಬಹುದು. ಇದರ ತುದಿಯಲ್ಲಿ ಲೋಹದ ಕಡ್ಡಿಗಳಿವೆ. ಇದನ್ನು ಒಣಗಿಸಿಯೇ ಇಡಬೇಕು. ಫಿಲ್ಟರ್ ಮಾರುವವರು ಇದನ್ನು ಅದ್ದಿ ಹೆದರಿಸುವುದುಂಟು. ಹೆದರಬೇಡಿ, ಹಿಗ್ಗಲೂ ಬೇಡಿ. ಚರಂಡಿ ನೀರು ಸ್ವಲ್ಪ ಸೇರಿದರೂ ಈ ಅಂಕಿ ಹೆಚ್ಚೇನೂ ಏರುವುದಿಲ್ಲ.

ರೋಗಾಣು ಎರಡು ಮೀಟರಿಗೂ ಕಾಣದು. ಅದಕ್ಕೆ ಬೇರೆ ಸೀಸೆ ಇದೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಬೇಡ. ಪಂಚಾಯಿತಿಗೆ ತಿಳಿಸಿ. ಸರಿಯಾಗುವ ತನಕ ಕುದಿಸಿ ಆರಿಸಿ ಕುಡಿಯಿರಿ.

ಒಂದು ನೋಟ್‌ಬುಕ್ ಇಡಿ. ತಾರೀಕು, ಯಾವ ಬೀದಿ ನಲ್ಲಿ, ಎಷ್ಟು ಅಂಕಿ, ಸೀಸೆ ಕಪ್ಪಾಯಿತೇ, ಇಷ್ಟನ್ನು ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ. ಗ್ರಾಮಸಭೆಗೆ ಹೋಗುವಾಗ ಆ ಪುಸ್ತಕ ಕೈಲಿರಲಿ.