ಕೊಡಚಾದ್ರಿ: ಕಾಲಿಗೆ ಸವಾಲು, ಕಬ್ಬಿಣಕ್ಕೆ ನೆಲೆ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯ ಅರ್ಥ ಕೊಡಚಾದ್ರಿ ಹತ್ತಿ ಇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯಿಂದ ನಸುಕಿನಲ್ಲೇ ಹೊರಡುವ ಚಾರಣಿಗರು ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರಗಳನ್ನು ದಾಟಿ ನಿಟ್ಟೂರಿನ ಕಡೆ ಬರುವಾಗ ಈ ಬೆಟ್ಟ ಅಂಥ ಎತ್ತರದ್ದೆಂದು ತೋರುವುದಿಲ್ಲ. ಸಮುದ್ರ ಮಟ್ಟದಿಂದ ಅದರ ಎತ್ತರ 1343 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗಿಂತ ಸುಮಾರು ಆರುನೂರು ಮೀಟರ್ ಕಡಿಮೆ. ಶಿವಮೊಗ್ಗ ನಗರವೇ ಸುಮಾರು 570 ಮೀಟರ್ ಎತ್ತರದಲ್ಲಿದೆ. ಹಾಗಿದ್ದೂ ಒಂದೇ ದಿನದಲ್ಲಿ ಶಿಖರ ಮುಟ್ಟಿ ಹಿಂದಿರುಗುವವರನ್ನು ಈ ಬೆಟ್ಟ ಹೈರಾಣಾಗಿಸುತ್ತದೆ. ಇದಕ್ಕೆ ಕಾರಣ ಬೆಟ್ಟ ನಿಂತಿರುವ ಜಾಗದಲ್ಲಿದೆ.

ಅಂಚಿನ ಬೆಟ್ಟ

ಕೊಡಚಾದ್ರಿ ಇರುವುದು ಪಶ್ಚಿಮ ಘಟ್ಟದ ಅಂಚಿನಲ್ಲಿ. ಪೂರ್ವಕ್ಕೆ ಮಲೆನಾಡಿನ ಏರುತಗ್ಗಿನ ನೆಲ. ಪಶ್ಚಿಮಕ್ಕೆ ನೆಲ ಥಟ್ಟನೆ ಕೊಲ್ಲೂರಿನ ಕಡೆಗೆ ಕುಸಿಯುತ್ತದೆ. ಅಲ್ಲಿಂದ ಏರುವವರು ಸಾವಿರ ಮೀಟರಿಗೂ ಹೆಚ್ಚು ಎತ್ತರವನ್ನು ಕಾಲ್ನಡಿಗೆಯಲ್ಲೇ ಗೆಲ್ಲಬೇಕು. ಅರಬ್ಬೀ ಸಮುದ್ರದಿಂದ ಬರುವ ತೇವಭರಿತ ಗಾಳಿಗೆ ಮೊದಲು ಅಡ್ಡ ನಿಲ್ಲುವುದೂ ಈ ಅಂಚೇ. ಗಾಳಿ ಮೇಲೇರಿದಂತೆ ತಣಿಯುತ್ತದೆ, ಅದರೊಳಗಿನ ಆವಿ ಹನಿಗಟ್ಟುತ್ತದೆ. ಬೆಳಗ್ಗೆ ನಿಚ್ಚಳವಾಗಿದ್ದ ಶಿಖರ ಮಧ್ಯಾಹ್ನದ ಹೊತ್ತಿಗೆ ಮಂಜಿನಲ್ಲಿ ಮಾಯವಾಗುವುದು ಇದರಿಂದಲೇ. ಇದೇ ತಾಲ್ಲೂಕಿನ ಹುಲಿಕಲ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು.

ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಹಾದಿ ಹಿಡಿದವರಿಗೆ ಸವಾಲು ಎದುರಾಗುವುದು ನೀರಿನ ಪಕ್ಕದಲ್ಲೇ. ಪಾಚಿ ಹಿಡಿದ ಬಂಡೆಗಳ ಮೇಲೆ ಕೈ ಊರಿ, ಬೇರು ಹಿಡಿದು ಹತ್ತಬೇಕು. ಮಳೆಗಾಲದಲ್ಲಾದರೆ ಉಂಬಳಗಳ ಕಾಟ ಬೇರೆ. ಕಾಡು ಮುಗಿದ ಮೇಲೆ ಬಯಲು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಗಾಳಿಯ ಹೊಡೆತ ಮತ್ತು ತೆಳ್ಳನೆಯ ಮಣ್ಣಿನಿಂದಾಗಿ ಏಣಿನ ಮೇಲೆ ಮರ ಬೆಳೆಯುವುದು ಕಷ್ಟ. ನೀರು, ಮಣ್ಣು ಎರಡೂ ಸೇರುವ ಕಣಿವೆಯ ಮಡಿಲಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಈ ಹುಲ್ಲಿನ ಏರಿನಲ್ಲಿ ನೆರಳಿಲ್ಲ, ಕಾಲಡಿಯ ಕೆಂಪು ಜಲ್ಲಿ ಜಾರುತ್ತದೆ. ಹೆಚ್ಚಿನವರ ಉಸಿರು ಸೋಲುವುದು ಇಲ್ಲೇ.

ಮಳೆಯಲ್ಲಿ ನಿಂತ ಕಂಬ

ಏರು ಮುಗಿದಂತೆ ಮೂಲ ಮೂಕಾಂಬಿಕೆಯ ಗುಡಿ ಸಿಗುತ್ತದೆ. ಅದರ ಬಳಿ ಹಲವು ಆಳೆತ್ತರದ ಕಬ್ಬಿಣದ ಕಂಬವೊಂದಿದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಇದೆಂಬುದು ಭಕ್ತರ ನಂಬಿಕೆ. 1999ರಲ್ಲಿ ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಕಂಬದ ಬಗ್ಗೆ ಬರೆದು ವಿದ್ವಾಂಸರ ಗಮನ ಸೆಳೆದರು. ದೆಹಲಿಯ ಪ್ರಸಿದ್ಧ ಕಂಬ ನಿಂತಿರುವುದು ಒಣ ಹವೆಯಲ್ಲಿ. ಕೊಡಚಾದ್ರಿಯದು ವರ್ಷದಲ್ಲಿ ಹಲವು ತಿಂಗಳು ಮಳೆಯಲ್ಲಿ ತೊಯ್ದು ನಿಲ್ಲುತ್ತದೆ. ಆದರೂ ತುಕ್ಕು ಅದನ್ನು ತಿಂದು ಹಾಕಿಲ್ಲ ಎಂಬುದೇ ವಿಶೇಷ.

ಹಳೆಯ ಕಾಲದ ಕುಲುಮೆಯಲ್ಲಿ ಕಬ್ಬಿಣ ನೀರಾಗುತ್ತಿರಲಿಲ್ಲ. ಅದು ಕರಗಲು 1500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖ ಬೇಕು. ತಿದಿ ಒತ್ತಿ, ಇದ್ದಿಲು ಉರಿಸಿ ಅಷ್ಟು ಶಾಖ ಪಡೆಯುವುದು ಸುಲಭವಲ್ಲ. ಅದಿರು ಮತ್ತು ಇದ್ದಿಲನ್ನು ಪದರ ಪದರವಾಗಿ ಹಾಕಿ ಕಾಯಿಸಿದಾಗ ಕಿಟ್ಟ ಬೆರೆತ ಮೆತ್ತನೆಯ ಕಬ್ಬಿಣದ ಮುದ್ದೆ ದೊರೆಯುತ್ತಿತ್ತು. ಅದನ್ನು ಬಡಿದು ಕಿಟ್ಟ ಹೊರಡಿಸಿ, ತುಂಡಿಗೆ ತುಂಡು ಕಾಯಿಸಿ ಬೆಸೆದು ಉದ್ದ ಮಾಡುತ್ತಿದ್ದರು. ಬೆನ್ನಿಗೊಂದು ಚೀಲ ಹೊತ್ತು ಏರುವುದೇ ಕಷ್ಟವೆನಿಸುವ ಈ ಎತ್ತರದಲ್ಲಿ ಅಂಥದೊಂದು ಕಂಬವನ್ನು ನಿಲ್ಲಿಸಿದವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಭದ್ರಾವತಿಯವರಿಗೆ ಈ ಕಂಬ ಕಂಡಾಗ ತಮ್ಮೂರು ನೆನಪಾದರೆ ಅಚ್ಚರಿಯಿಲ್ಲ. ಹಿಂದೆ ಬೆಂಕಿಪುರವಾಗಿದ್ದ ಆ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿಯೂ ಮೊದಲು ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲೇ. ಆದರೆ ಅಲ್ಲಿನ ದೊಡ್ಡ ಊದುಕುಲುಮೆಯಿಂದ ಕಬ್ಬಿಣ ದ್ರವವಾಗಿಯೇ ಹೊರಬರುತ್ತಿತ್ತು. ಅದಿರು ಬರುತ್ತಿದ್ದುದು ಕೊಡಚಾದ್ರಿಯಿಂದಲ್ಲ, ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಆದರೆ ಭೂವಿಜ್ಞಾನದ ಲೆಕ್ಕದಲ್ಲಿ ಈ ಎರಡು ಬೆಟ್ಟಗಳೂ ಬಂಧುಗಳು. ಎರಡೂ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಧಾರವಾಡ ಶಿಲಾಸಮೂಹಕ್ಕೆ ಸೇರಿದವು. ಎರಡರಲ್ಲೂ ಕಬ್ಬಿಣದ ಪದರಗಳಿವೆ. ಕೊಡಚಾದ್ರಿಯ ಹಾದಿಯಲ್ಲಿ ಚಾರಣಿಗರ ಬಟ್ಟೆಗೆ ಹತ್ತುವ ಕೆಂಪು ಬಣ್ಣವೂ ಅದೇ ಕಬ್ಬಿಣದ್ದು.

ಶಿಖರದಲ್ಲಿ ಸಂಜೆ

ಗುಡಿಯಿಂದ ಮೇಲೆ ವಾಹನ ಹೋಗದು. ಕಿರಿದಾದ ಏಣಿನ ಮೇಲೆ ನಡೆದರೆ ಸಿಗುವುದು ಸರ್ವಜ್ಞ ಪೀಠ, ಕಲ್ಲಿನ ಒಂದು ಸಣ್ಣ ಮಂಟಪ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂದೂ, ಅವರ ಹಿಂದೆ ಹೊರಟ ದೇವಿ ಕೊಲ್ಲೂರಿನಲ್ಲಿ ನೆಲೆಸಿದಳೆಂದೂ ಐತಿಹ್ಯ. ಇಲ್ಲಿಂದಾಚೆ ಚಿತ್ರಮೂಲಕ್ಕೆ ಹೋಗುವ ಇಳಿಜಾರು ಇಡೀ ದಿನದ ಅತಿ ಕಡಿದಾದ ಭಾಗ. ಕೂತು, ಕೈ ಊರಿ ಇಳಿಯಬೇಕು. ಮಳೆ ಬಿದ್ದ ದಿನ ಅದರ ಗೊಡವೆ ಬೇಡ.

ಆಕಾಶ ತಿಳಿಯಾಗಿದ್ದರೆ ಶಿಖರದಿಂದ ಅರಬ್ಬೀ ಸಮುದ್ರದ ಮೇಲಿನ ಸೂರ್ಯಾಸ್ತ ಕಾಣುತ್ತದೆ. ಹಲವರು ಬರುವುದೇ ಅದಕ್ಕಾಗಿ. ಅಪಾಯ ಕಾದಿರುವುದೂ ಅಲ್ಲೇ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಕತ್ತಲು ಕವಿಯುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಮೈಭಾರವನ್ನು ತಡೆಯುತ್ತಲೇ ಹಿಗ್ಗಬೇಕು. ಹತ್ತುವಾಗ ಉಸಿರು ಸೋತರೆ ಇಳಿಯುವಾಗ ಮೊಣಕಾಲು ಸೋಲುವುದು ಇದಕ್ಕಾಗಿ. ದಣಿದ ಕಾಲು, ಜಾರುವ ಜಲ್ಲಿ, ಕತ್ತಲು ಮೂರೂ ಕೂಡಿದರೆ ಅನುಭವಸ್ಥರೂ ಎಡವುತ್ತಾರೆ. ನಡೆದೇ ಇಳಿಯುವವರು ಸೂರ್ಯಾಸ್ತದ ಆಸೆ ಬಿಟ್ಟು ಮಧ್ಯಾಹ್ನವೇ ಹಿಂದಿರುಗುವುದು ಕ್ಷೇಮ. ಹೊರಡುವ ಮುನ್ನ ಅರಣ್ಯ ಇಲಾಖೆಯ ನಿಯಮಗಳನ್ನೂ ವಿಚಾರಿಸಿಕೊಳ್ಳಬೇಕು.

ನಡೆಯಲಾರದವರಿಗೆ ಜೀಪು ಇದೆ. ಮುದುಕರೂ ಮಕ್ಕಳೂ ಗುಡಿಯವರೆಗೆ ತಲುಪುವುದು ಅದರಿಂದಲೇ. ಆದರೆ ಗಾಲಿ ಹಾದ ಕಡೆ ಹುಲ್ಲಿನ ಬೇರು ಕಿತ್ತು, ಮಳೆನೀರು ಅದೇ ಜಾಡಿನಲ್ಲಿ ಹರಿದು ಕೊರಕಲಾಗುತ್ತದೆ. ಚಾರಣಿಗರು ಹಾದಿ ಬಿಟ್ಟು ಅಡ್ಡದಾರಿ ಹಿಡಿದಾಗಲೂ ಆಗುವುದು ಇದೇ. ಸೌಪರ್ಣಿಕಾ ಹೊಳೆಗೆ ನೀರುಣಿಸುವುದು ಈ ಬೆಟ್ಟ. ಇಲ್ಲಿನ ಹುಲ್ಲು ಮತ್ತು ಶೋಲಾ ಹಿಡಿದಿಟ್ಟ ಮಳೆನೀರು ಬೇಸಗೆಯವರೆಗೂ ಜಿನುಗುತ್ತದೆ. ಮಣ್ಣು ಕೊಚ್ಚಿ ಹೋದಷ್ಟೂ ಆ ಜಿನುಗು ಕಡಿಮೆಯಾಗುತ್ತದೆ. ಹಾದಿ ಎಷ್ಟೇ ಸುತ್ತಾದರೂ ಅದರಲ್ಲೇ ನಡೆಯಬೇಕೆಂದು ಬೆಟ್ಟ ಬಲ್ಲವರು ಹೇಳುವುದು ಈ ಕಾರಣಕ್ಕೆ.